ಡಬ್ಬಿಯವರು, ಬಿಸಿಯೂಟದವರು

ಕೆಜಿಎಫ್‌ನ ಒಂದು ಕಥೋಲಿಕ ಅನುದಾನಿತ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಸೇರಿದ ಮೊದಲ ವಾರದಲ್ಲಿಯೇ ನನ್ನ ಕಣ್ಣಿಗೆ ಬಿದ್ದ ಸಂಗತಿಯೊಂದಿದೆ. ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ಮನೆಯಿಂದ ಡಬ್ಬಿ ತಂದ ಮಕ್ಕಳು ಹೊಂಗೆ ಮರದ ಕಟ್ಟೆಗೆ ಹೋಗುತ್ತಿದ್ದರು, ಬಿಸಿಯೂಟದ ಮಕ್ಕಳು ತಟ್ಟೆ ಹಿಡಿದು ವರಾಂಡದಲ್ಲಿ ಕೂರುತ್ತಿದ್ದರು. ಹೀಗೆ ಕೂರಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಒಂದೇ ದನಿಯಲ್ಲಿ ಹಾಡಿದ ಮಕ್ಕಳೇ ಇವರು.

ಇದನ್ನು ಬಡವ-ಬಲ್ಲಿದರ ಭೇದವೆಂದು ನಾನು ಮೊದಲು ತಿಳಿದಿದ್ದೆ. ಅದು ಪೂರ್ತಿ ನಿಜವಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಈ ಊರಿನ ಸಾವಿರಾರು ಜನರಿಗೆ ಬೆಂಗಳೂರೇ ಅನ್ನದ ದಾರಿಯಾಯಿತು. ಅಪ್ಪ ಅಮ್ಮ ಇಬ್ಬರೂ ನಸುಕಿನ ರೈಲು ಹಿಡಿಯುವ ಮನೆಗಳಲ್ಲಿ ಮಗುವಿಗೆ ತಲೆ ಬಾಚಿ ಕಳಿಸುವವಳು ಅಜ್ಜಿ, ಇಲ್ಲವೇ ಐದನೇ ತರಗತಿಯ ಅಕ್ಕ. ಡಬ್ಬಿ ಇದೆಯೋ ಇಲ್ಲವೋ ಎಂಬುದು ಎಷ್ಟೋ ಸಲ ಮನೆಯ ಹಣಕ್ಕಿಂತ, ಬೆಳಗಿನ ಏಳು ಗಂಟೆಗೆ ಒಲೆಯ ಮುಂದೆ ಯಾರಿದ್ದಾರೆ ಎಂಬುದರ ಮೇಲೆ ನಿಂತಿರುತ್ತದೆ. ಆದರೆ ಮಕ್ಕಳಿಗೆ ಕಾಣುವುದು ಡಬ್ಬಿ ಮಾತ್ರ. (ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವವರೇ ಹೆಚ್ಚಿರುವುದರಿಂದ ಕನ್ನಡ ಬಹುತೇಕ ಎಲ್ಲರಿಗೂ ಶಾಲೆಯಲ್ಲೇ ಕಲಿತ ಭಾಷೆ, ಅದೊಂದು ವಿಷಯದಲ್ಲಿ ಇಲ್ಲಿ ಯಾರೂ ಮೇಲಲ್ಲ.)

ಆ ವರ್ಷದ ತಪಸ್ಸು ಕಾಲದಲ್ಲಿ ನಾನೇ ಒಂದು ತಪ್ಪು ಮಾಡಿದೆ. ಈಸ್ಟರ್‌ಗೆ ಮುಂಚಿನ ಆ ನಲವತ್ತು ದಿನಗಳಲ್ಲಿ ಬಡವರಿಗಾಗಿ ಕಾಣಿಕೆ ಡಬ್ಬಿ ಇಡುವುದು ಕಥೋಲಿಕ ಶಾಲೆಗಳಲ್ಲಿ ರೂಢಿ. ಮಕ್ಕಳಿಗೆ ಹುರುಪು ಬರಲೆಂದು, ಕೊಟ್ಟವರ ಹೆಸರನ್ನು ಮೊತ್ತದೊಂದಿಗೆ ಕಪ್ಪುಹಲಗೆಯ ಮೂಲೆಯಲ್ಲಿ ಬರೆಯತೊಡಗಿದೆ. ಮೂರನೆಯ ದಿನದಿಂದ ಒಬ್ಬ ಹುಡುಗ ಹೊಟ್ಟೆನೋವೆಂದು ಶಾಲೆಗೆ ಬರಲಿಲ್ಲ. ಮುಖ್ಯಶಿಕ್ಷಕಿಯಾಗಿದ್ದ ಸಿಸ್ಟರ್ ಹಲಗೆಯನ್ನು ನೋಡಿ, ಏನೂ ಹೇಳದೆ ಒರೆಸಿದರು. ಸಂಜೆ ಮಾತಿಗೆ ಕುಳಿತಾಗ, ಎರಡನೆಯ ಜಾನ್ ಪಾಲ್ ಪೋಪರು ಇಡೀ ಧರ್ಮಸಭೆಗೆ ಬರೆದ 1987ರ ತಮ್ಮ ವಿಶ್ವಪತ್ರದಲ್ಲಿ ಒಗ್ಗಟ್ಟನ್ನು ವಿವರಿಸಿದ ಬಗೆಯನ್ನು ತಿಳಿಸಿದರು: ಪರರ ಕಷ್ಟ ಕಂಡು ಕ್ಷಣಕಾಲ ಮರುಗುವುದು ಒಗ್ಗಟ್ಟಲ್ಲ, ಎಲ್ಲರ ಹಿತಕ್ಕಾಗಿ ದುಡಿಯುವ ದೃಢವಾದ, ಬಿಡದ ಸಂಕಲ್ಪವೇ ಒಗ್ಗಟ್ಟು. ನಾನು ಕಥೋಲಿಕಳಲ್ಲ, ಆದರೂ ಕೊಡುವವರು ಮತ್ತು ಪಡೆಯುವವರು ಎಂದು ಮಕ್ಕಳನ್ನು ಬೇರ್ಪಡಿಸಿದ್ದು ನನ್ನ ಹಲಗೆಯೇ ಎಂಬುದು ಅಂದು ಅರ್ಥವಾಯಿತು.

ಮುಂದಿನ ಜೂನ್‌ನಿಂದ ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳನ್ನು ಬೆರೆಸಿ ಗುಂಪುಗಳನ್ನು ಮಾಡಿದೆವು. ಗುಂಪು ಒಂದೇ ಪಂಕ್ತಿಯಲ್ಲಿ ಕೂರಬೇಕು, ಡಬ್ಬಿಯಿರಲಿ ತಟ್ಟೆಯಿರಲಿ, ಶಿಕ್ಷಕಿಯರೂ ಅಲ್ಲಿಯೇ. ನೀರು ತುಂಬುವುದು, ಬಡಿಸುವುದು, ಎಲ್ಲರೂ ಉಂಡ ಮೇಲೆ ಗುಡಿಸುವುದು ಸರದಿಯ ಪ್ರಕಾರ. ಮೊದಲ ತಿಂಗಳು ಪೋಷಕರಿಂದ ದೂರುಗಳು ಬಂದವು. ಮೊಟ್ಟೆ ತಿನ್ನುವವರ ಪಕ್ಕ ನಮ್ಮ ಮಗಳು ಕೂರಬಾರದು ಎಂದ ಮನೆಗೆ, ತಿನ್ನದವರಿಗೆ ಬಾಳೆಹಣ್ಣೋ ಚಿಕ್ಕಿಯೋ ಸಿಗುತ್ತದೆ, ಆದರೆ ಪಂಕ್ತಿ ಬೇರೆ ಸಿಗುವುದಿಲ್ಲ ಎಂದು ಸಿಸ್ಟರ್ ನಯವಾಗಿಯೇ ಹೇಳಿ ಕಳಿಸಿದರು. ಕಥೋಲಿಕ ಧರ್ಮದ ಪಾಠವಾದ ಜ್ಞಾನೋಪದೇಶದ ಅವಧಿಯಲ್ಲಿ ಮಾತ್ರ ಕಥೋಲಿಕ ಮಕ್ಕಳು ಒಂದು ಕೋಣೆಗೆ, ಉಳಿದವರು ನೀತಿಪಾಠಕ್ಕೆ ಇಂದಿಗೂ ಹೋಗುತ್ತಾರೆ. ಅದು ಹಾಗೆಯೇ ಇರಬೇಕಾದದ್ದು.

ಗುಂಪುಗಳು ನಿಜಕ್ಕೂ ಗುಂಪುಗಳಾದದ್ದು ಡಿಸೆಂಬರಿನಲ್ಲಿ, ಗೋದಲಿ ಕಟ್ಟುವಾಗ. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ನಿಜವಾದ ಎತ್ತು, ಕತ್ತೆಗಳನ್ನಿಟ್ಟು ಏರ್ಪಡಿಸಿದ ಕ್ರಿಸ್ತಜನನದ ದೃಶ್ಯದಿಂದ ಹರಡಿದ ಪದ್ಧತಿಯಿದು. ನಮ್ಮಲ್ಲಿ ಗೋದಲಿಯ ಬಯಲಿಗೆ ಹಸಿರು ಬೇಕಾದಾಗ ತಟ್ಟೆಯಲ್ಲಿ ರಾಗಿ ಚೆಲ್ಲುತ್ತೇವೆ. ಕೆಂಪು ಮಣ್ಣನ್ನು ಒಬ್ಬರು ತಂದರೆ, ರಾಗಿಯನ್ನು ಹಳ್ಳಿಯ ನಂಟಿರುವ ಮನೆಯವರು ತರುತ್ತಾರೆ. ಇದಕ್ಕೆ ದುಡ್ಡು ಬೇಡ, ಆದರೆ ದಿನವೂ ಮರೆಯದೆ ನೀರು ಚಿಮುಕಿಸಬೇಕು. ಒಂದು ದಿನ ತಪ್ಪಿದರೂ ಎಳೆ ಪೈರು ಬಾಡುತ್ತದೆ.

ಕಳೆದ ವರ್ಷ ರಾಗಿ ತಟ್ಟೆಯ ಹೊಣೆ ಹೊತ್ತಿದ್ದವನು ಉರ್ದು ಮಾತಾಡುವ ಮನೆಯ, ಎರಡನೇ ತರಗತಿಯ ಒಬ್ಬ ಹುಡುಗ. ಶನಿವಾರ ಶಾಲೆ ಬಿಟ್ಟ ಮೇಲೂ ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲೇ ನಿಂತಿದ್ದ.

"ಮಿಸ್, ನಾಳೆ ಇದಕ್ಕೆ ನೀರು ಯಾರು ಹಾಕ್ತಾರೆ?"

ನಾನು ಉತ್ತರಿಸುವ ಮೊದಲೇ ಅವನ ಪಂಕ್ತಿಯ ನಾಲ್ಕನೇ ತರಗತಿಯ ಹುಡುಗಿ ಹೇಳಿದಳು: "ನಾಳೆ ನಾನು ಪೂಜೆಗೆ ಚರ್ಚಿಗೆ ಬರ್ತೀನಲ್ಲ, ನಾನೇ ಹಾಕ್ತೀನಿ, ನೀನು ಹೋಗೋ."