ಟೂರಿಂಗ್ ಸೈಕಲ್ ಬಿಲ್ಡ್: ಫ್ರಂಟ್ ಡಿರೇಲರ್ ಪಂಚಾಯಿತಿ

ಕ್ರ್ಯಾಂಕ್ (ಪೆಡಲ್ ತೋಳು ಮತ್ತು ಅದರ ಹಲ್ಲುಚಕ್ರಗಳು, ಅಂದರೆ ರಿಂಗ್‌ಗಳು) ಕೂತಾಯ್ತು, ದೊಡ್ಡ ರಿಂಗ್ 46, ಚಿಕ್ಕದು 30 ಹಲ್ಲಿನದು. ಹಿಂದೆ 9 ಸ್ಪೀಡ್ ಕ್ಯಾಸೆಟ್, ಅಂದರೆ ಒಂಬತ್ತು ಕಾಗ್‌ಗಳ (ಹಲ್ಲುಚಕ್ರಗಳ) ಗೊಂಚಲು, ಅದೂ ಸರಿಹೋಯಿತು. ಉಳಿದಿದ್ದು ಫ್ರಂಟ್ ಡಿರೇಲರ್, ಚೈನನ್ನು ಮುಂದಿನ ಒಂದು ರಿಂಗ್‌ನಿಂದ ಇನ್ನೊಂದಕ್ಕೆ ತಳ್ಳುವ ಭಾಗ. ನೋಡೋಕೆ ಚಿಕ್ಕದು, ಆದರೆ ಇಡೀ ಸೈಕಲ್‌ನಲ್ಲಿ ಇಷ್ಟು ಷರತ್ತು ಹಾಕುವ ಭಾಗ ಇನ್ನೊಂದಿಲ್ಲ.

ಡಬ್ಬದ ಮೇಲೆ ‘9 ಸ್ಪೀಡ್’ ಅಂತ ಇದೆಯಾ ಅಂತ ಜಾಸ್ತಿ ಜನ ಮೊದಲು ನೋಡುತ್ತಾರೆ. ನನ್ನ ಪ್ರಕಾರ ಅದನ್ನು ಕೊನೆಗೆ ನೋಡಿದರೂ ಆದೀತು. 8, 9, 10 ಸ್ಪೀಡ್‌ಗಳ ನಡುವೆ ಕೇಜ್‌ನ (ಚೈನ್ ಹಾದುಹೋಗುವ ಎರಡು ಪ್ಲೇಟ್‌ಗಳ ಗೂಡಿನ) ಅಗಲ ಬದಲಾಗುವುದು ಸ್ವಲ್ಪವೇ, ಹೇಗೋ ಸುಧಾರಿಸಿಕೊಂಡು ಓಡುತ್ತದೆ. ಫ್ರೇಮ್ ಹಾಗೆ ಸುಧಾರಿಸಿಕೊಳ್ಳುವುದಿಲ್ಲ. ಅದಕ್ಕೇ ಅಲ್ಲಿಂದ ಶುರು ಮಾಡಿದೆ.

ಡಿರೇಲರನ್ನು ಸೀಟ್ ಟ್ಯೂಬ್‌ಗೆ (ಸೀಟಿನ ಕೆಳಗಿನ ಕೊಳವೆಗೆ) ಬಿಗಿಯುವ ಕ್ಲ್ಯಾಂಪ್‌ಗಳು ಸಾಮಾನ್ಯವಾಗಿ ಮೂರು ವ್ಯಾಸದಲ್ಲಿ ಬರುತ್ತವೆ: 28.6, 31.8, 34.9 ಮಿ.ಮೀ. ವರ್ನಿಯರ್ ಇಲ್ಲದಿದ್ದರೂ ಚಿಂತೆಯಿಲ್ಲ. ಸೀಟ್ ಟ್ಯೂಬ್‌ಗೆ ಕಾಗದದ ಪಟ್ಟಿ ಸುತ್ತಿ, ತುದಿ ಸೇರುವಲ್ಲಿ ಗೆರೆ ಎಳೆದು, ಬಿಚ್ಚಿ ಸ್ಕೇಲ್ ಇಡಿ. ಸುತ್ತಳತೆ, ಅದೇ ಕ್ರಮದಲ್ಲಿ, 90, 100, 110 ಮಿ.ಮೀ.ಗಳಲ್ಲಿ ಒಂದರ ಹತ್ತಿರ ಬರುತ್ತದೆ. ನನ್ನ ಸ್ಟೀಲ್ ಫ್ರೇಮ್‌ನದು 90ಕ್ಕಿಂತ ಒಂದು ಚೂರು ಮೇಲೆ. ಆ ಚೂರು ಪೇಂಟಿನದು, ಅಂದರೆ 28.6. ದೊಡ್ಡ ಕ್ಲ್ಯಾಂಪ್ ಸಿಕ್ಕಿದರೆ ಶಿಮ್ (ನಡುವೆ ತುಂಬುವ ತೆಳು ಪಟ್ಟಿ) ಹಾಕಿ ಕೂರಿಸಬಹುದು. ಉಲ್ಟಾ ಆಗುವುದಿಲ್ಲ, ಅಲ್ವಾ?

ಕೇಬಲ್ ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ಅಚ್ಚಿನ ಜಾಗ) ಕೆಳಗಿಂದ ಬರುವುದರಿಂದ ಬಾಟಮ್ ಪುಲ್, ಅಂದರೆ ಕೆಳಗಿನಿಂದ ಎಳೆಯುವ ಡಿರೇಲರ್ ಬೇಕು. ಮೇಲೆ-ಕೆಳಗೆ ಎರಡೂ ಕಡೆಯಿಂದ ಎಳೆಯಬಹುದಾದ ಡ್ಯುಯಲ್ ಪುಲ್ ಆದರೂ ನಡೆಯುತ್ತದೆ.

ಇನ್ನು ತಲೆ ತಿನ್ನುವ ವಿಷಯ. ರೋಡ್ ಬೈಕ್ ಡಿರೇಲರ್‌ನ ಕೇಜ್ 50 ಹಲ್ಲಿನ ಅಥವಾ ಅದಕ್ಕಿಂತ ದೊಡ್ಡ ರಿಂಗ್‌ನ ದುಂಡಿಗೆ ತಕ್ಕಂತೆ ಬಾಗಿರುತ್ತದೆ. 46ರ ಮೇಲೆ ಹಿಡಿದು ನೋಡಿದರೆ ಒಂದು ಕಡೆ ಹಲ್ಲಿಗೆ ಹತ್ತಿರ, ಬಾಲದ ಕಡೆ ಬಾಯಿ ಬಿಟ್ಟುಕೊಂಡಿರುತ್ತದೆ. ಕೆಳಗೆ ಇಳಿಸೋಣ ಅಂದರೆ ಬಾಲ ಚೈನ್‌ಸ್ಟೇಗೆ (ಹಿಂದಿನ ಚಕ್ರಕ್ಕೆ ಹೋಗುವ ಕೆಳಗಿನ ಕೊಳವೆಗೆ) ತಗಲುವ ಭಯ. ಅದೂ ಅಲ್ಲದೆ ರೋಡ್ ಡಬಲ್ (ಎರಡು ರಿಂಗ್‌ನ) ಡಿರೇಲರ್‌ಗಳು ಸುಮಾರು 43.5 ಮಿ.ಮೀ. ಚೈನ್‌ಲೈನ್‌ಗೆ ಮಾಡಿದವು. ನನ್ನದು, ಸೀಟ್ ಟ್ಯೂಬ್‌ನ ನಡುವಿನಿಂದ ಎರಡು ರಿಂಗ್‌ಗಳ ಮಧ್ಯಕ್ಕೆ, 47. ಹೈ ಸ್ಕ್ರೂ (ಕೇಜ್ ಹೊರಕ್ಕೆ ಎಷ್ಟು ಹೋಗಬಹುದು ಅನ್ನುವ ಮಿತಿ ಹಾಕುವ ಸ್ಕ್ರೂ) ಪೂರ್ತಿ ಬಿಚ್ಚಿದರೂ ಕೇಜ್ ಹೊರಗಿನ ರಿಂಗ್ ದಾಟಿ ಹೋಗುತ್ತದೆ ಅನ್ನುವ ನಂಬಿಕೆ ಬರಲಿಲ್ಲ. ಕೆಪ್ಯಾಸಿಟಿ, ಅಂದರೆ ಎರಡು ರಿಂಗ್‌ಗಳ ಹಲ್ಲಿನ ವ್ಯತ್ಯಾಸ ತಡೆಯುವ ಮಿತಿ, ಅದರಲ್ಲಿ ಮಾತ್ರ ತೊಂದರೆ ಇರಲಿಲ್ಲ. 46ರಲ್ಲಿ 30 ಕಳೆದರೆ 16, ಅಷ್ಟನ್ನು ಕಾಂಪ್ಯಾಕ್ಟ್ (ಸ್ವಲ್ಪ ಚಿಕ್ಕ ರಿಂಗ್‌ಗಳ ರೋಡ್) ಡಿರೇಲರ್‌ಗಳು ಆರಾಮಾಗಿ ತಡೆಯುತ್ತವೆ.

ಹಾಗಾಗಿ 48 ಹಲ್ಲಿನ ರಿಂಗ್‌ಗೆ ಮಾಡಿದ, ಮೌಂಟನ್ ಬೈಕ್ ಬಗೆಯ ಟ್ರೆಕ್ಕಿಂಗ್ ಡಿರೇಲರ್ ಆರಿಸಿದೆ. ಬಾಗು 46ಕ್ಕೆ ಹತ್ತಿರ, ಚೈನ್‌ಲೈನ್ ಕೂಡ ಹೊಂದುತ್ತದೆ. ಟ್ರಿಪಲ್‌ಗೆ (ಮೂರು ರಿಂಗ್‌ನ ಕ್ರ್ಯಾಂಕ್‌ಗೆ) ಮಾಡಿದ್ದಾದ್ದರಿಂದ ಒಳಗಿನ ಪ್ಲೇಟ್ ಆಳವಾಗಿದೆ, ಆದರೆ 30ರ ರಿಂಗ್ ಅಷ್ಟು ಕೆಳಗಿರುವಾಗ ತಗಲುವ ಪ್ರಶ್ನೆಯೇ ಇಲ್ಲ.

ರೋಡ್ ಬ್ರೇಕ್-ಶಿಫ್ಟರ್ (ಬ್ರೇಕ್ ಲಿವರ್‌ನಲ್ಲೇ ಗೇರ್ ಬದಲಿಸುವಂಥದ್ದು) ಹಾಕಿದ್ದರೆ ಈ ಆಯ್ಕೆಯೇ ಕೈ ತಪ್ಪುತ್ತಿತ್ತು. ಶಿಮಾನೊದ ರೋಡ್ ಶಿಫ್ಟರ್ ಎಳೆಯುವ ಕೇಬಲ್ ಉದ್ದಕ್ಕೂ ಮೌಂಟನ್ ಬೈಕ್ ಫ್ರಂಟ್ ಡಿರೇಲರ್ ಕೇಳುವ ಉದ್ದಕ್ಕೂ ತಾಳಮೇಳ ಇಲ್ಲ. ನಾನು ಹಾಕಿರುವುದು ಅವರ 9 ಸ್ಪೀಡ್ ಬಾರ್-ಎಂಡ್ (ಹ್ಯಾಂಡಲ್ ತುದಿಯಲ್ಲಿ ಕೂರುವ) ಶಿಫ್ಟರ್. ಹಿಂದಿನ ಗೇರ್‌ಗೆ ಕ್ಲಿಕ್ ಇದೆ, ಮುಂದಿನದು ಬರೀ ಫ್ರಿಕ್ಷನ್. ಎಷ್ಟು ಬೇಕೋ ಅಷ್ಟು ಎಳೆದುಕೊಂಡರಾಯ್ತು. ಫ್ರಿಕ್ಷನ್ ಹಳೇ ಕಾಲದ್ದು ಅಂತ ಮೂಗು ಮುರಿಯುವವರಿದ್ದಾರೆ. ಇರಲಿ ಬಿಡಿ, ಮುಂದೆ ಇರುವುದೇ ಎರಡು ರಿಂಗ್, ಅದಕ್ಕೆ ಕ್ಲಿಕ್ ಯಾಕೆ?

ಕೂರಿಸುವಾಗ 2 ಮಿ.ಮೀ. ಅಲೆನ್ ಕೀಯನ್ನೇ ಗೇಜ್ ಮಾಡಿಕೊಂಡೆ. ಕೇಜ್‌ನ ಹೊರ ಪ್ಲೇಟ್‌ಗೂ ದೊಡ್ಡ ರಿಂಗ್‌ನ ಹಲ್ಲಿನ ತುದಿಗೂ ನಡುವೆ 1ರಿಂದ 3 ಮಿ.ಮೀ. ಇರಬೇಕು. ಕೀ ಸುಮ್ನೆ ಜಾರಿ ಹೋದರೆ ಸರಿ. ಪ್ಲೇಟ್ ರಿಂಗ್‌ಗೆ ಸಮಾನಾಂತರವಾಗಿ ನಿಲ್ಲಿಸಿ ಕ್ಲ್ಯಾಂಪ್ ಬಿಗಿ ಮಾಡಿದೆ. ಆಮೇಲೆ ಚೈನನ್ನು ಮುಂದೆ ಚಿಕ್ಕ ರಿಂಗ್, ಹಿಂದೆ ದೊಡ್ಡ ಕಾಗ್‌ಗೆ ತಂದು, ಒಳ ಪ್ಲೇಟ್ ಚೈನ್‌ಗೆ ತಾಗೀತೋ ತಾಗದೋ ಅನ್ನುವಷ್ಟು ಲೋ ಸ್ಕ್ರೂ (ಒಳಗಿನ ಮಿತಿಯ ಸ್ಕ್ರೂ) ತಿರುಗಿಸಿದೆ. ಕೇಬಲ್ ಕಟ್ಟಿದ್ದು ಆಮೇಲೆಯೇ.

ಸ್ಟ್ಯಾಂಡ್ ಮೇಲೆ ಎರಡೂ ಕಡೆಗೆ ಚೈನ್ ಸಲೀಸಾಗಿ ಹೋಗುತ್ತಿದೆ. ಚಿಕ್ಕ ರಿಂಗ್‌ನಲ್ಲಿದ್ದು ಹಿಂದಿನ ಕೊನೇ ಎರಡು ಚಿಕ್ಕ ಕಾಗ್‌ಗೆ ಹೋದರೆ ಹೊರ ಪ್ಲೇಟ್‌ಗೆ ಚೈನ್ ಉಜ್ಜುತ್ತದೆ. ಲಿವರ್ ಒಂಚೂರು ಎಳೆದರೆ ಸದ್ದು ನಿಲ್ಲುತ್ತದೆ. ಇನ್ನು ಹಿಂದಿನ ಚಕ್ರದ ಮಡ್‌ಗಾರ್ಡ್ ಕೂರಿಸಬೇಕು. ಡಿರೇಲರ್‌ನ ತೋಳು ಹಿಂದಕ್ಕೆ ಬಂದಾಗ ಅದಕ್ಕೆ ಜಾಗ ಉಳಿಯುತ್ತದಾ ಅಂತ ಆಗ ನೋಡಬೇಕು.