ಕರೆಂಟ್ ಹೋದರೂ ಕೆಡದ ಕಾರ್ಡ್

2025 ಜೂನ್ 8, ಭಾನುವಾರ, ಮಂಡ್ಯ

ಪಾಂಡವಪುರದ ಹತ್ತಿರ ಅಕ್ಕನ ಊರು. ಅಲ್ಲಿನ ಮಕ್ಕಳಿಗೆ ಇಂಟರ್ನೆಟ್ ಇಲ್ಲದೆಯೂ ಕನ್ನಡ ವಿಕಿಪೀಡಿಯ ಓದಲು ಸಿಗಬೇಕು ಅನ್ನುವುದು ನನ್ನ ಆಸೆ. ಅದಕ್ಕೆ ನನ್ನ ಹತ್ತಿರ ಇದ್ದ ಹಳೆಯ ರಾಸ್‌ಬೆರಿ ಪೈ 3 ತೆಗೆದೆ. ಅಂಗೈಯಷ್ಟಗಲದ ಪುಟ್ಟ ಕಂಪ್ಯೂಟರ್ ಬೋರ್ಡ್ ಅದು. 2016ರಲ್ಲಿ ಬಂದ ಮಾಡೆಲ್, ರ‍್ಯಾಮ್ 1 ಜಿಬಿ. ವೈಫೈ ಬೋರ್ಡಿನಲ್ಲೇ ಇದೆ. ಈ ಕೆಲಸಕ್ಕೆ ಧಾರಾಳ ಸಾಕು.

ಹಾಕಿದ್ದು ಡೆಸ್ಕ್‌ಟಾಪ್ ಇಲ್ಲದ ಲೈಟ್ ಇಮೇಜ್, ಅಂದರೆ ಐಕಾನ್ ಪರದೆ ಇಲ್ಲದೆ ಬರೀ ಅಕ್ಷರದ ಕಮಾಂಡಿನಲ್ಲಿ ನಡೆಯುವ ಓಎಸ್ (ಆಪರೇಟಿಂಗ್ ಸಿಸ್ಟಮ್). ಅಕ್ಕನ ಮಗ ಪಕ್ಕದಲ್ಲೇ ಕೂತಿದ್ದ.

"ಮಾವ, ಇದಕ್ಕೆ ಟಿವಿ, ಮೌಸ್ ಏನೂ ಬೇಡ್ವಾ?"

"ಬೇಡ ಕಣೋ. ಲ್ಯಾಪ್‌ಟಾಪಿಂದಲೇ ಒಳಗೆ ಹೋಗಬಹುದು."

ಓಎಸ್ ಅನ್ನು ಮೆಮೊರಿ ಕಾರ್ಡ್‌ಗೆ ಹಾಕುವ ಇಮೇಜರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ, ಬರೆಯುವ ಮೊದಲೇ ಯೂಸರ್ ಹೆಸರು, ಪಾಸ್‌ವರ್ಡ್, ವೈಫೈ, ಎಸ್‌ಎಸ್‌ಎಚ್ (ಲ್ಯಾಪ್‌ಟಾಪಿಂದ ಒಳಗೆ ಹೋಗುವ ದಾರಿ) ಎಲ್ಲ ತುಂಬಿಸಿದೆವು. ಮುಂಚೆ 'ಪೈ' ಅನ್ನುವ ಯೂಸರ್ ತಾನಾಗಿಯೇ ಇರುತ್ತಿತ್ತು. 2022ರಲ್ಲಿ ಅದನ್ನು ತೆಗೆದರು. ಒಳ್ಳೆಯದೇ ಆಯಿತು, ಎಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್ ಇದ್ದು ಏನು ಪ್ರಯೋಜನ ಅಲ್ವಾ? ಬೋರ್ಡ್ ಶುರುವಾದ ಮೇಲೆ ನೋಡಿದರೆ ರ‍್ಯಾಮ್‌ನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಖಾಲಿ.

ನನಗೆ ಚಿಂತೆ ಇದ್ದದ್ದು ಕರೆಂಟಿನದ್ದು. ಹಳ್ಳಿಯಲ್ಲಿ ಯಾವಾಗ ಹೋಗುತ್ತದೋ ಹೇಳಲಾಗದು. ನಾವು ಸುಮ್ನೆ ಬಿಟ್ಟರೂ ಓಎಸ್ ಸುಮ್ಮನಿರುವುದಿಲ್ಲ, ಏನೇನು ನಡೆಯಿತು ಅನ್ನುವ ಲಾಗ್ ಬರೆಯುತ್ತಲೇ ಇರುತ್ತದೆ. ಮೆಮೊರಿ ಕಾರ್ಡ್ ಒಂದೊಂದೇ ಅಕ್ಷರ ತಿದ್ದುವುದಿಲ್ಲ. ಒಂದು ದೊಡ್ಡ ತುಂಡನ್ನೇ ಅಳಿಸಿ ಮತ್ತೆ ಬರೆಯುತ್ತದೆ. ಆ ಹೊತ್ತಿಗೆ ಕರೆಂಟ್ ಹೋದರೆ ನಾವು ಮುಟ್ಟದ ಫೈಲೂ ಹಾಳಾಗಬಹುದು. ಆಮೇಲೆ ಬೋರ್ಡ್ ಏಳುವುದೇ ಇಲ್ಲ. 'ಪೈ ಕೆಟ್ಟಿದೆ' ಅಂತ ಮೂಲೆಗೆ ಎಸೆಯುತ್ತಾರೆ. ಬೋರ್ಡ್ ಚೆನ್ನಾಗೇ ಇರುತ್ತದೆ, ಕೆಟ್ಟಿರುವುದು ಕಾರ್ಡ್.

ಅದಕ್ಕೇ ಪೈನ ಸೆಟ್ಟಿಂಗ್ಸ್ ಬದಲಿಸುವ ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿದೆ. ಬರೆಯುವುದೆಲ್ಲ ಈಗ ರ‍್ಯಾಮ್‌ಗೆ ಹೋಗುತ್ತದೆ, ಕಾರ್ಡನ್ನು ಬರೀ ಓದುತ್ತದೆ. ರ‍್ಯಾಮ್ ಖಾಲಿ ಇದ್ದರೆ ತಾನೇ ಇದು ನಡೆಯುವುದು? ಲೈಟ್ ಇಮೇಜ್ ಬೇಕಾಗುವುದು ಇಲ್ಲಿಯೇ. ವಿಕಿಪೀಡಿಯವನ್ನು ಇಂಟರ್ನೆಟ್ ಇಲ್ಲದೆ ಓದಲು ಬೇಕಾದ ಕೀವಿಕ್ಸ್ ಫೈಲ್ ಪೆನ್‌ಡ್ರೈವ್‌ನಲ್ಲಿದೆ. ಅದನ್ನೂ ಓದಲು ಮಾತ್ರ ಬರುವಂತೆ ಜೋಡಿಸಿದೆ. ಏನಾದರೂ ಬದಲಿಸಬೇಕಾದಾಗ ಓವರ್‌ಲೇ ಆಫ್ ಮಾಡಿ ರೀಬೂಟ್ ಮಾಡಬೇಕು, ಅಷ್ಟು ತಾಪತ್ರಯ ಇದ್ದೇ ಇದೆ.

ಹುಡುಗನ ಕೈಯಲ್ಲೇ ಮತ್ತೆ ಮತ್ತೆ ಪ್ಲಗ್ ಕೀಳಿಸಿದೆ. ಪ್ರತಿ ಸಲವೂ ಎದ್ದಿತು. ಅವನ ಫೋನಿನಲ್ಲಿ ಪೈನ ಹಾಟ್‌ಸ್ಪಾಟ್ ಹಿಡಿದು ಕೆಆರ್‌ಎಸ್ ಅಣೆಕಟ್ಟಿನ ಪುಟ ತೆಗೆದು ಓದಿದ. ನನಗೆ ತುಂಬಾ ಖುಷಿಯಾಯಿತು.

ಪೈಗೆ ಫೋನ್ ಚಾರ್ಜರ್ ಹಾಕಿದಾಗ ಮಾತ್ರ ಅದರ ಕೆಂಪು ದೀಪ ಆಗಾಗ ಆರುತ್ತಿತ್ತು. ವೋಲ್ಟೇಜ್ 4.63ಕ್ಕಿಂತ ಇಳಿದರೆ ಹಾಗಾಗುತ್ತದೆ. 5 ವೋಲ್ಟ್, 2.5 ಆಂಪಿಯರ್‌ನ ಅಡಾಪ್ಟರ್ ಕೊಟ್ಟ ಮೇಲೆ ನಿಂತಿತು.

ಉಳಿದಿರುವುದು ಗಡಿಯಾರ. ಪೈ 3ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ, ಇಂಟರ್ನೆಟ್ ಇಲ್ಲದಿದ್ದರೆ ತಾರೀಖು ತಪ್ಪು ತೋರಿಸುತ್ತದೆ. ಓದುವುದಕ್ಕೆ ಅದರಿಂದ ತೊಂದರೆ ಇಲ್ಲ. ಆದರೂ ಡಿಎಸ್ 3231 ಅನ್ನುವ ಬ್ಯಾಟರಿ ಗಡಿಯಾರದ ಮಾಡ್ಯೂಲ್ ಒಂದು ತರಿಸಿ ಹಾಕಿಯೇ ಊರಿಗೆ ಕಳಿಸುತ್ತೇನೆ.