ಮಹಡಿ ಕೋಣೆಗೆ ಎಸಿ ಕೂರಿಸಿದ ದಿನ

ಕಲಬುರಗಿಯ ಏಪ್ರಿಲ್ ಬಿಸಿಲಿಗೆ 42 ಡಿಗ್ರಿ ಹೊಸದಲ್ಲ. ಹನ್ನೆರಡಕ್ಕೆ ಹನ್ನೆರಡು ಅಡಿಯ ಕೋಣೆ, ತಲೆಯ ಮೇಲೆ ಬರಿಯ ಆರ್‌ಸಿಸಿ ತಾರಸಿ, ಪಡುವಣ ಗೋಡೆಗೆ ಹೊತ್ತು ಮುಳುಗುವ ತನಕ ಬಿಸಿಲು. ಇದೇ ಅಳತೆಯ ಕೋಣೆ ಕೆಳಮಹಡಿಯಲ್ಲಿದ್ದರೆ ಒಂದು ಟನ್ ಎಸಿ ನಡೆಯುತ್ತಿತ್ತು. ಮೇಲುಮಹಡಿಗೆ ಒಂದೂವರೆ ಬೇಕು. ಹಾಗಾಗಿ ಮೊದಲ ಖರ್ಚು ಎಸಿಗಲ್ಲ, ತಾರಸಿಗೆ: ಬಿಳಿಯ ಕೂಲ್ ರೂಫ್ ಬಣ್ಣ ಎರಡು ಕೋಟ್. ಬಾಗಿಲ ಕೆಳಗೆ ರಬ್ಬರ್ ಪಟ್ಟಿ, ಕಿಟಕಿಯ ಸಂದಿಗೆ ಫೋಮ್ ಟೇಪ್. ಅಟ್ಟದ ಪಕ್ಕದ ಹಳೆಯ ಎಕ್ಸಾಸ್ಟ್ ಫ್ಯಾನಿನ ತೂತನ್ನೂ ಮುಚ್ಚಿಸಿದ್ದಾಯಿತು.

ಅಂಗಡಿಯಲ್ಲಿ ಸ್ಟಾರ್ ಎಣಿಸುವುದಕ್ಕಿಂತ ಲೇಬಲ್ಲಿನ ಎರಡು ಅಂಕಿ ಓದುವುದು ಲೇಸು. ಒಂದು, ಐಎಸ್‌ಇಇಆರ್, ಅಂದರೆ ತಿಂದ ಕರೆಂಟಿಗೆ ಎಷ್ಟು ತಂಪು ಕೊಡುತ್ತದೆಂಬ ಅಂಕಿ. ಸ್ಟಾರಿನ ಮಾನದಂಡ ಆಗಾಗ ಬಿಗಿಯಾಗುವುದರಿಂದ ಹಳೆಯ ಐದು ಸ್ಟಾರ್, ಹೊಸ ಐದು ಸ್ಟಾರ್ ಒಂದೇ ಅಲ್ಲ. ಇನ್ನೊಂದು, ವರ್ಷಕ್ಕೆ ಎಷ್ಟು ಯುನಿಟ್ ಎಂಬುದು. ಅದು 1600 ಗಂಟೆಗಳ ಲೆಕ್ಕ. ಲೇಬಲ್ಲಿನಲ್ಲಿ 800 ಎಂದಿದ್ದರೆ ಸರಾಸರಿ ಗಂಟೆಗೆ ಅರ್ಧ ಯುನಿಟ್. ರಾತ್ರಿ ಎಂಟು ಗಂಟೆಯಂತೆ ತಿಂಗಳಿಗೆ 120. ಗೃಹಜ್ಯೋತಿಯ ಮನೆಗಳು ಇದನ್ನು ಮೊದಲೇ ಕೂಡಿ ನೋಡಬೇಕು: ತಿಂಗಳ ಬಳಕೆ 200 ದಾಟಿತೆಂದರೆ ಬಿಲ್ಲು ಪೂರ್ತಿ ಕೈಯಿಂದಲೇ.

ಆದರೆ ಲೇಬಲ್ಲಿನ ಆ ಅಂಕಿ ಉಳಿಯುವುದೋ ಕರಗುವುದೋ ಗೋಡೆಗೆ ಕೂರಿಸುವ ಎರಡು ಮೂರು ಗಂಟೆಯಲ್ಲೇ ತೀರ್ಮಾನವಾಗುತ್ತದೆ.

ಒಳಘಟಕದ ಮೇಲೆ ಸೂರಿನವರೆಗೆ 15 ಸೆಂ.ಮೀ. ಜಾಗ ಬಿಟ್ಟೆವು, ಅದು ಗಾಳಿ ಎಳೆಯುವುದೇ ಮೇಲಿನಿಂದ. ಗೋಡೆಯ ತೂತು ಹೊರಕ್ಕೆ ತುಸು ಇಳಿಜಾರಾಗಿರಬೇಕು, ಸಮನಾಗಿ ಕೊರೆದರೆ ಡ್ರೈನ್ ನೀರು ಹಾಸಿಗೆಗೇ ಬರುತ್ತದೆ. ಪೈಪು ಹಾಕಿದ ಮೇಲೆ ಸುತ್ತಲಿನ ಸಂದಿಗೆ ಪುಟ್ಟಿ ಮೆತ್ತದಿದ್ದರೆ ಬಿಸಿಗಾಳಿಯ ಜೊತೆ ಹಲ್ಲಿಯೂ ಒಳಗೆ.

ಹೊರಘಟಕಕ್ಕೆ ಪಡುವಣ ಗೋಡೆ ಹತ್ತಿರವಿತ್ತು, ಪೈಪೂ ಉಳಿಯುತ್ತಿತ್ತು. ಆದರೂ ಉತ್ತರದ ನೆರಳನ್ನೇ ಆರಿಸಿದ್ದು. ಕೋಣೆಯ ಬಿಸಿಯನ್ನು ಹೊರಬಿಡುವ ಕಂಡೆನ್ಸರ್ ಇರುವುದು ಹೊರಘಟಕದಲ್ಲೇ, ಅದು ಎಷ್ಟು ಬಿಸಿ ಗಾಳಿಯಲ್ಲಿ ಕೆಲಸ ಮಾಡುತ್ತದೋ ಕಂಪ್ರೆಸರ್ ಅಷ್ಟು ಹೆಚ್ಚು ಕರೆಂಟ್ ತಿನ್ನುತ್ತದೆ. ಚಂದಕ್ಕೆಂದು ಅದರ ಸುತ್ತ ಗ್ರಿಲ್ ಪೆಟ್ಟಿಗೆ ಕಟ್ಟಿಸುವವರಿದ್ದಾರೆ. ಆಗ ಘಟಕ ತಾನು ಬಿಟ್ಟ ಬಿಸಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಪೈಪು ಕಾಲು ಇಂಚು, ಅರ್ಧ ಇಂಚು, ಎರಡೂ ತಾಮ್ರ. ಎರಡಕ್ಕೂ ಬೇರೆಬೇರೆ ನೈಟ್ರೈಲ್ ಸ್ಲೀವ್, ಅಂದರೆ ಶಾಖ ತಡೆಯುವ ರಬ್ಬರ್ ಹೊದಿಕೆ. ಎರಡನ್ನೂ ಒಂದೇ ಸ್ಲೀವಿನಲ್ಲಿ ತುರುಕಿದರೆ ಒಂದರ ಬಿಸಿ ಇನ್ನೊಂದಕ್ಕೆ ಹತ್ತುತ್ತದೆ. ಕಟರಿನಿಂದ ಕತ್ತರಿಸಿ, ಬಾಯಿ ಕೆಳಗೆ ಮಾಡಿ ಅಂಚಿನ ಚೂರು ಕೆರೆದು, ನಟ್ ತೂರಿಸಿ, ಆಮೇಲೆ ಫ್ಲೇರ್, ಅಂದರೆ ಪೈಪಿನ ಬಾಯಿಯನ್ನು ತುತ್ತೂರಿಯಂತೆ ಅಗಲಿಸುವುದು. ನಟ್ ಹಾಕುವುದನ್ನು ಮರೆತು ಫ್ಲೇರ್ ಮಾಡಿ ಮತ್ತೆ ಕತ್ತರಿಸುವುದು ಎಲ್ಲ ಕಡೆ ನಡೆಯುವಂಥದ್ದೇ. ಬಿಗಿಯುವಾಗ ತೋಳ್ಬಲ ಬೇಡ, ಅಳತೆಯಷ್ಟೇ ಬಿಗಿಯುವ ಟಾರ್ಕ್ ರೆಂಚ್ ಬೇಕು: ಸಡಿಲವಾದರೆ ಇವತ್ತೇ ಸೋರುತ್ತದೆ, ಅತಿಯಾಗಿ ಬಿಗಿದರೆ ಫ್ಲೇರ್ ಸೀಳಿ ಮುಂದಿನ ಬೇಸಿಗೆಗೆ ಸೋರುತ್ತದೆ.

ಮುಂದಿನದು ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ತೆಗೆಯುವುದು. ಜಗ್ಗಾಟ ಶುರುವಾಗುವುದು ಇಲ್ಲಿ. “ವ್ಯಾಕ್ಯೂಮ್ ಯಾಕ್ರೀ ಸರ್, ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರಗ ಹಾಕ್ತೀನ್ರಿ, ಎಲ್ಲಾ ಮನ್ಯಾಗ ಹಂಗ ಮಾಡೂದು,” ಅಂದ ಎಸಿ ಕೂರಿಸಲು ಬಂದ ಹುಡುಗ. ಪಂಪು ಗಾಡಿಯಲ್ಲೇ ಇತ್ತು, ಮೂರನೇ ಮಹಡಿಗೆ ಹೊರುವುದೇ ಅವನ ಕಷ್ಟ.

ಒಪ್ಪಬಾರದು. ಪೈಪಿನಲ್ಲಿ ಉಳಿದ ಗಾಳಿ ತಣಿದು ದ್ರವವಾಗುವುದಿಲ್ಲ. ಕಂಡೆನ್ಸರಿನಲ್ಲಿ ಕೂತು ಒತ್ತಡ ಏರಿಸುತ್ತದೆ. ತೇವ ಕಂಪ್ರೆಸರ್ ಆಯಿಲ್ ಜೊತೆ ಸೇರಿ ಆಮ್ಲವಾಗುತ್ತದೆ. ಹೊರಘಟಕದಲ್ಲಿ ಕಂಪನಿ ತೂಗಿ ತುಂಬಿದ ಆರ್32 ಎಂಬ ತಂಪುಗ್ಯಾಸು ಒಂದು ಕಿಲೋದ ಆಸುಪಾಸಷ್ಟೇ, ಅದರಲ್ಲೇ ಒಂದಷ್ಟು ಹೊರಗೆ ಚೆಲ್ಲಿದಂತಾಗುತ್ತದೆ. ಮೇಲಾಗಿ ಅದು ಬೆಂಕಿ ಹತ್ತಬಲ್ಲ ಗ್ಯಾಸು. ಸಾಮಾನ್ಯವಾಗಿ ಐದು ಮೀಟರ್ ಪೈಪಿನವರೆಗೆ ತುಂಬಿ ಬಂದದ್ದೇ ಸಾಕು. ಉದ್ದ ಹೆಚ್ಚಾದರೆ ಮ್ಯಾನುಯಲ್ ಹೇಳಿದಷ್ಟು ಗ್ರಾಂ ತೂಗಿ ಸೇರಿಸಬೇಕು, ಅಂದಾಜಿಗಲ್ಲ.

ಪಂಪು ಮೇಲೆ ಬಂತು. ಮೊದಲು ನೈಟ್ರೋಜನ್ ತುಂಬಿ, ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ನೋಡಿದ್ದು, ಆಮೇಲೆ ವ್ಯಾಕ್ಯೂಮ್. ಇಪ್ಪತ್ತು ನಿಮಿಷ ಎಂಬ ಗಡಿಯಾರದ ಲೆಕ್ಕಕ್ಕಿಂತ ಒಳಗೆ ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಮೈಕ್ರಾನ್ ಗೇಜ್ ನಂಬಬೇಕು: 500ಕ್ಕಿಂತ ಕೆಳಗಿಳಿದು, ಪಂಪು ನಿಲ್ಲಿಸಿದ ಮೇಲೂ ಮುಳ್ಳು ಅಲ್ಲೇ ನಿಲ್ಲಬೇಕು. ಸರಸರನೆ ಏರಿ ಏರುತ್ತಲೇ ಹೋದರೆ ಸೋರಿಕೆ, ನಿಧಾನವಾಗಿ ಏರಿ ಒಂದೆಡೆ ನಿಂತರೆ ಒಳಗೆ ತೇವ. ಆಮೇಲಷ್ಟೇ ಆಲೆನ್ ಕೀ ಹಾಕಿ ವಾಲ್ವ್ ತೆರೆದು ಹೊರಘಟಕದ ಗ್ಯಾಸನ್ನು ಪೈಪಿಗೆ ಬಿಡುವುದು.

ವೈರಿಂಗ್ ಮಾತು ಚಿಕ್ಕದು. ಈ ಎಸಿಗೇ ಮೀಸಲಾದ ಲೈನ್, ಮ್ಯಾನುಯಲ್ ಹೇಳಿದ ದಪ್ಪದ ತಾಮ್ರದ ವೈರು, ಎಂಸಿಬಿ, ಸರಿಯಾದ ಅರ್ತಿಂಗ್. ಫ್ಯಾನಿನ ಲೈನಿನಿಂದ ಟ್ಯಾಪ್ ಮಾಡಿಸಬೇಡಿ.

ಇಪ್ಪತ್ತು ನಿಮಿಷ ಓಡಿಸಿ ಥರ್ಮಾಮೀಟರ್ ಹಿಡಿದಾಗ, ಎಳೆಯುವ ಗಾಳಿಗೂ ಬೀಸುವ ಗಾಳಿಗೂ ಹನ್ನೊಂದು ಡಿಗ್ರಿ ಅಂತರ. ಹತ್ತರ ಆಸುಪಾಸು ಸಿಕ್ಕರೆ ಸಮಾಧಾನ. ಡ್ರೈನಿಗೆ ಒಂದು ಚೊಂಬು ನೀರು ಹೊಯ್ದು ಹೊರಗೆ ಬರುವುದನ್ನೂ ನೋಡಿದ್ದಾಯಿತು.

ಸೆಟ್ಟಿಂಗ್ 26ಕ್ಕೆ, ಮೇಲೆ ಸೀಲಿಂಗ್ ಫ್ಯಾನ್ ಸಣ್ಣಗೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ಉಳಿತಾಯ ಎನ್ನುತ್ತದೆ ಸ್ಟಾರ್ ಲೇಬಲ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇ. 18ಕ್ಕಿಟ್ಟರೆ ಬೇಗ ತಣ್ಣಗಾಗುತ್ತದೆ ಎಂಬ ನಂಬಿಕೆಯಿಂದ ಲಾಭ ಕಡಿಮೆ. ಕಂಪ್ರೆಸರಿಗೆ ಬಿಡುವಿಲ್ಲ, ಅಷ್ಟೇ. ಫಿಲ್ಟರ್ ಎರಡು ವಾರಕ್ಕೊಮ್ಮೆ ಬರಿಯ ನೀರಲ್ಲಿ ತೊಳೆಯಬೇಕು, ಈ ಊರಿನ ಧೂಳಿಗೆ ಅದೂ ತಡವೇ.

ಹಳೆಯ ಡೆಸರ್ಟ್ ಕೂಲರ್ ಮಾರಬೇಕಾಗಿಲ್ಲ. ಇಲ್ಲಿಯ ಒಣಗಾಳಿಗೆ ಹಗಲು ಅದೇ ಸಾಕು, ಕರೆಂಟೂ ಎಸಿಯ ಹತ್ತಿರಕ್ಕೆ ಬರುವುದಿಲ್ಲ. ಒಂದೇ ಕೋಣೆಯಲ್ಲಿ ಎರಡನ್ನೂ ಹಚ್ಚಬೇಡಿ. ಕೂಲರ್ ತುಂಬಿದ ತೇವವನ್ನು ಹಿಂಡಿ ತೆಗೆಯುವುದೇ ಎಸಿಯ ಕೆಲಸವಾಗಿಬಿಡುತ್ತದೆ, ಬಿಲ್ಲು ಎರಡರದೂ ಬರುತ್ತದೆ.